ಹೊಲದಡಿಯ ಪೊಳ್ಳು

ಚಿತ್ರದುರ್ಗದ ಹತ್ತಿರದ ಒಂದು ಶೇಂಗಾ ಹೊಲ. ದೊಡ್ಡ ಮಳೆಯ ಮರುದಿನ ಅದರ ನಡುವೆ ಎತ್ತಿನ ಗಾಡಿ ಹಿಡಿಸುವಷ್ಟು ಗುಂಡಿ ಬಿದ್ದಿತ್ತು. ಇಂಗಳದಾಳಿನ ಸೀಮೆಯಲ್ಲಿ ತಾಮ್ರಕ್ಕಾಗಿ ನೆಲ ಬಗೆದದ್ದು ಎಲ್ಲರಿಗೂ ಗೊತ್ತು. ಆದರೆ ಈ ಹೊಲದ ಕೆಳಗಿನ ಹಳೆಯ ಸುರಂಗಕ್ಕೆ ನಕ್ಷೆಯೇ ಇರಲಿಲ್ಲ. ಅದು ಯಾವ ದಿಕ್ಕಿಗೆ ಹೋಗಿದೆ ಎಂದು ಹೇಳುವುದು ನನ್ನ ಪಾಲಿಗೆ ಬಂತು.

ಮೊದಲು ನೆಲದೊಳಕ್ಕೆ ರೇಡಿಯೊ ಅಲೆ ಬಿಟ್ಟು ಮರಳಿ ಬಂದದ್ದನ್ನು ಹಿಡಿಯುವ ರಾಡಾರ್ ಎಳೆದೆ. ಜೇಡಿಮಣ್ಣು ಅಲೆಗಳನ್ನೆಲ್ಲ ನುಂಗಿಬಿಟ್ಟಿತು. ಅರ್ಧ ದಿನಕ್ಕೇ ಅದನ್ನು ಕಟ್ಟಿಟ್ಟೆ.

ಆಮೇಲೆ ವಿದ್ಯುತ್ ರೋಧದ ಸಮೀಕ್ಷೆ: ಸರಳು ನೆಟ್ಟು ವಿದ್ಯುತ್ ಹರಿಸಿ, ನೆಲ ಅದನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವುದು. ಮೂರು ಮೀಟರಿಗೊಂದರಂತೆ 48 ಕಬ್ಬಿಣದ ಸರಳು, ಒಟ್ಟು 141 ಮೀಟರ್ ಸಾಲು. ಸಾಲಿನ ಉದ್ದದ ಐದನೇ ಒಂದು ಪಾಲಿನಷ್ಟು ಆಳ ಕಂಡರೆ ಪುಣ್ಯ. ಮೇಲ್ಮಣ್ಣು ಆಗಲೇ ಒಣಗಿ ಗರಸಾಗಿದ್ದರಿಂದ ವಿದ್ಯುತ್ ಮಣ್ಣಿಗಿಳಿಯಲೆಂದು ಪ್ರತಿ ಸರಳಿನ ಬುಡಕ್ಕೂ ಉಪ್ಪುನೀರು ಸುರಿಯಬೇಕಾಯಿತು. ಹೊಲದ ಯಜಮಾನರು ಬದುವಿನ ಮೇಲೆ ಕುಳಿತು, “ಕಬ್ಬಿಣಕ್ಕೆ ನೀರು ಹಾಕುತ್ತೀರಲ್ಲ ಸಾರ್, ಮೊಳೆಯುತ್ತದೆಯೇ?” ಎಂದರು.

ಅಳತೆಯಿಂದ ಮೂಡಿದ ಚಿತ್ರದಲ್ಲಿ ಗುಂಡಿಯಿಂದ ಪೂರ್ವಕ್ಕೆ ರೋಧ ತೀರಾ ಕಡಿಮೆಯಿರುವ ಒಂದು ಮಚ್ಚೆ ಕಂಡಿತು. ನೀರು ತುಂಬಿದ ಸುರಂಗ ಎಂದು ಷರಾ ಬರೆದೇಬಿಟ್ಟೆ. ಕೊರೆಸಿದರೆ ಪೊಳ್ಳೂ ಇಲ್ಲ, ನೀರೂ ಇಲ್ಲ. ಮೇಲೆ ಬಂದ ಕಪ್ಪು ಪುಡಿಯಲ್ಲಿ ಕಬ್ಬಿಣ, ಗಂಧಕ ಕೂಡಿದ ಪೈರೈಟ್ ಹಿತ್ತಾಳೆಯ ಹಾಗೆ ಮಿನುಗುತ್ತಿತ್ತು. ಇಂಥ ಗಂಧಕದ ಅದಿರು ನೀರಿಗಿಂತಲೂ ಚೆನ್ನಾಗಿ ವಿದ್ಯುತ್ ಹರಿಸುತ್ತದೆ ಎನ್ನುವುದು ಪಾಠ ಓದಿದವರಿಗೆಲ್ಲ ತಿಳಿದದ್ದೇ. ತಾಮ್ರದ ಸೀಮೆಯಲ್ಲಿ ನಿಂತು ಅದನ್ನೇ ಮರೆತಿದ್ದೆ. ವಿದ್ಯುತ್ ನಿಲ್ಲಿಸಿದ ಮೇಲೂ ಅಂಥ ಅದಿರು ಸ್ವಲ್ಪ ಹೊತ್ತು ಆವೇಶ ಹಿಡಿದಿಟ್ಟುಕೊಳ್ಳುತ್ತದೆ, ನೀರು ಹಾಗೆ ಮಾಡುವುದಿಲ್ಲ. ಅದೇ ಸರಳುಗಳಲ್ಲಿ ಅದನ್ನೂ ಅಳೆದಿದ್ದರೆ ಒಂದು ಬೋರಿನ ದುಡ್ಡು ಉಳಿಯುತ್ತಿತ್ತು.

ಕೊನೆಗೆ ಭೂಮಿಯ ಸೆಳೆತ ಜಾಗದಿಂದ ಜಾಗಕ್ಕೆ ಎಷ್ಟು ಬದಲಾಗುತ್ತದೆ ಎಂದು ಅಳೆಯುವ ಗುರುತ್ವ ಮಾಪಕ ತಂದೆ. ಅದಿರು ಸುತ್ತಲಿನ ಕಲ್ಲಿಗಿಂತ ಭಾರ, ಪೊಳ್ಳು ಹಗುರ. ಇಲ್ಲಿ ಒಂದನ್ನು ಇನ್ನೊಂದೆಂದು ಭ್ರಮಿಸುವ ಹಾಗಿಲ್ಲ. ಆದರೆ ಎಂಟು ಮೀಟರ್ ಆಳದಲ್ಲಿ ಮೂರು ಮೀಟರ್ ಅಗಲದ ಸುರಂಗವಿದ್ದರೆ ಸಿಗುವ ವ್ಯತ್ಯಾಸ ಸುಮಾರು 30 ಮೈಕ್ರೊಗ್ಯಾಲ್, ಅಂದರೆ ಭೂಮಿಯ ಸೆಳೆತದ ಹತ್ತು ಕೋಟಿಯಲ್ಲಿ ಮೂರು ಪಾಲು. ನೆಲದ ಎತ್ತರ ಒಂದು ಸೆಂಟಿಮೀಟರ್ ತಪ್ಪಿದರೂ ಎರಡು ಮೂರು ಮೈಕ್ರೊಗ್ಯಾಲ್ ಏರುಪೇರು. ದುರ್ಗದ ಆಷಾಢದ ಗಾಳಿಯಂತೂ ಮುಳ್ಳನ್ನು ನಿಲ್ಲಗೊಡಲಿಲ್ಲ. ಬೆಳಗಿನ ಜಾವ, ಗಾಳಿ ಏಳುವ ಮುಂಚೆ ಅಳೆದೆವು. ಗಂಟೆಗೊಮ್ಮೆ ಮೊದಲಿನ ಗೂಟಕ್ಕೆ ಮರಳಿ ಯಂತ್ರ ಎಷ್ಟು ಜಾರಿದೆ ಎಂದು ನೋಡಿಕೊಂಡೆವು. ಐದನೇ ದಿನ ಗುಂಡಿಯಿಂದ ಈಶಾನ್ಯಕ್ಕೆ, ಬದು ದಾಟಿ ಹೋಗುವ, ಸೆಳೆತದ ಸಣ್ಣ ತಗ್ಗೊಂದು ಲೆಕ್ಕದಲ್ಲಿ ಮೂಡಿತು.

ಪೊಳ್ಳಿನ ಮೇಲೆ ಬೋರ್‌ವೆಲ್ ಲಾರಿ ನಿಲ್ಲಿಸುವ ಧೈರ್ಯವಾಗದೆ ಟ್ರ್ಯಾಕ್ಟರಿನ ಸಣ್ಣ ಯಂತ್ರ ಕರೆಸಿದೆ. 22 ಅಡಿಗೆ ಧೂಳು ಮೇಲೆ ಬರುವುದು ಥಟ್ಟನೆ ನಿಂತಿತು. ರಾಡು ಸರ್ರನೆ ಆರು ಅಡಿ ಇಳಿಯಿತು. ಯಂತ್ರದವನು ಎಂಜಿನ್ ಬಂದ್ ಮಾಡಿ, ಅಡಿ ಲೆಕ್ಕದ ಪುಸ್ತಕ ತೆಗೆದು ಕೇಳಿದ: “ಸಾರ್, ಈ ಆರು ಅಡಿಗೂ ದುಡ್ಡು ಹಿಡಿಯಲೋ, ಬಿಡಲೋ?”