1613ರ ಗೇರ್ ಬಾಕ್ಸಿಗೆ ಬುಶ್ ಹಾಕಿಸಿದ್ದು: ನನ್ನ ಅನುಭವ

ನನ್ನ ಗಾಡಿ 2004ರ ಮಾಡೆಲ್ 1613 ಲಾರಿ. ಅದರ ಗೇರ್ ಬಾಕ್ಸಿಗೆ ಬುಶ್ (ಸವೆದ ತೂತಿನೊಳಗೆ ಕೂರಿಸುವ ಲೋಹದ ಬಳೆ) ಹಾಕಿಸಿ ಎರಡು ಮಳೆಗಾಲ ಆಯಿತು. ಹತ್ತಿರ ಹತ್ತಿರ 40 ಸಾವಿರ ಕಿಲೋಮೀಟರ್ ಓಡಿದೆ. ಅರಬೈಲ್ ಘಟ್ಟ ಎಷ್ಟು ಸಲ ಇಳಿದು ಹತ್ತಿದೆನೋ ಲೆಕ್ಕ ಇಟ್ಟಿಲ್ಲ. ಮೊದಲಿನ ಆ ಸದ್ದು ತಿರುಗಿ ಬಂದಿಲ್ಲ. ಹುಬ್ಬಳ್ಳಿ ಹತ್ತಿರದ ಗಬ್ಬೂರಿನಿಂದ ಹಿಡಿದು ತಾರಿಹಾಳದ ತನಕ ಏಳೆಂಟು ಮಿಸ್ತ್ರಿಗಳನ್ನು ಕೇಳಿದ್ದೆ. ಬುಶ್ ಗಟ್ಟಿ ನಿಲ್ಲುತ್ತದೆ ಎಂದವರು ಒಬ್ಬರೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ನನ್ನ ಕೈಗೆ ಬಂದದ್ದು 2016ರಲ್ಲಿ, ಹೊಸಪೇಟೆ ಕಡೆಯವರಿಂದ. 2010ರ ಜುಲೈನಲ್ಲಿ ಅದಿರು ರಫ್ತು ನಿಲ್ಲಿಸಿದರಲ್ವಾ, ಅದಕ್ಕೂ ಮುಂಚೆ ಇದು ಬೇಲೆಕೇರಿ ಬಂದರಿಗೆ ಅದಿರು ಹೊಡೆದ ಗಾಡಿ. ಆ ಕಾಲದಲ್ಲಿ ಎಷ್ಟು ಹೇರುತ್ತಿದ್ದರು ಅಂತ ಆ ರೋಡಿನಲ್ಲಿ ಓಡಿಸಿದವರಿಗೆಲ್ಲ ಗೊತ್ತು. ಬಾಕ್ಸ್ ಆಗಲೇ ಅರ್ಧ ಆಯುಷ್ಯ ಕಳೆದಿತ್ತು. ಅದನ್ನು ಮಾಡಿದವರ ತಪ್ಪು ಏನೂ ಇಲ್ಲ. ಆ ಹೇರಿಕೆಗೂ ಇಷ್ಟು ವರ್ಷ ತಡೆದಿದೆ ಅನ್ನುವುದೇ ದೊಡ್ಡದು.

2021ರ ಮಳೆಗಾಲ ಮುಗಿಯುವ ಹೊತ್ತಿಗೆ ಸದ್ದು ಶುರುವಾಯಿತು. ಎರಡು, ಮೂರು, ನಾಲ್ಕರಲ್ಲಿ ಲೋಡ್ ಎಳೆಯುವಾಗ ಹಿಟ್ಟಿನ ಗಿರಣಿ ಹಾಗೆ ಕುಂಯ್ ಅನ್ನುವುದು. ಆಕ್ಸಿಲರೇಟರ್ ಬಿಟ್ಟರೆ ಗರಗರ. ಟಾಪ್‌ಗೆ ಹಾಕಿದರೆ ತಣ್ಣಗೆ. ನ್ಯೂಟ್ರಲ್‌ನಲ್ಲಿ ಸಣ್ಣಗೆ ಗೊರಗೊರ, ಕ್ಲಚ್ ತುಳಿದರೆ ಅದೂ ಇಲ್ಲ. ಟಾಪ್ ಡೈರೆಕ್ಟ್ ಇದ್ದು (ಇಂಜಿನ್ನಿನ ತಿರುಗುವಿಕೆ ನೇರ ಹಿಂದಕ್ಕೆ ಹೋಗುವುದು) ಅದರಲ್ಲಿ ಮಾತ್ರ ಸುಮ್ನಾದರೆ ಲೇ ಶಾಫ್ಟ್, ಅಂದರೆ ಉಳಿದ ಗೇರುಗಳಲ್ಲಿ ಲೋಡ್ ಹೊರುವ ಪಕ್ಕದ ಶಾಫ್ಟ್, ನೋಡಬೇಕು. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿದ ದಿನ ಸದ್ದು ಕಡಿಮೆ. ಅದು ಎತ್ತರ ಕಾಣುವ ಮಾಲು, ತೂಕ ಇಲ್ಲ. ಹಾವೇರಿಯಿಂದ ಗೋವಿನಜೋಳ ಹೇರಿದರೆ ಪಕ್ಕದಲ್ಲಿ ಕೂತವನ ಮಾತು ಕೇಳಿಸುತ್ತಿರಲಿಲ್ಲ.

ಮೊದಲ ಸಲ ಲೇ ಶಾಫ್ಟಿನ ಎರಡೂ ಬೇರಿಂಗ್ ಹೊಸದು ಹಾಕಿಸಿದೆ. ಕಡಿಮೆ ರೇಟಿನ ಮಾಲು. ಕೂಲಿ, ಆಯಿಲ್ ಸೇರಿ ಒಂಬತ್ತೂವರೆ ಸಾವಿರ. ನಾಲ್ಕು ತಿಂಗಳು ಚೆನ್ನಾಗಿತ್ತು, ಆಮೇಲೆ ಅದೇ ರಾಗ. ಬೇರಿಂಗ್ ಡೂಪ್ಲಿಕೇಟ್ ಇರಬೇಕು ಅಂದುಕೊಂಡು 2022ರಲ್ಲಿ ಒಳ್ಳೆ ಕಂಪನಿಯದು ಹಾಕಿಸಿದೆ. ಜೊತೆಗೆ ಮುಂದಿನ ಶಾಫ್ಟಿನ ಬೇರಿಂಗೂ ಬದಲಿಸಿದೆವು. 16 ಸಾವಿರದ ಹತ್ತಿರ ಹೋಯಿತು. ಐದು ತಿಂಗಳು ಬಂತು. ಎರಡು ಪಟ್ಟು ರೊಕ್ಕ ಕೊಟ್ಟರೆ ಒಂದು ತಿಂಗಳು ಜಾಸ್ತಿ ಅಷ್ಟೇ. ಆ ರಾತ್ರಿ ನಿದ್ದೆ ಬರಲಿಲ್ಲ. ಒಳ್ಳೆ ಬೇರಿಂಗ್ ಐದು ತಿಂಗಳಿಗೆ ಹೋಗುತ್ತದೆ ಅಂದರೆ ಅದನ್ನು ಕೊಲ್ಲುವುದು ಬೇರೆ ಏನೋ ಇದೆ ಅಂತ ಆಗಲೇ ತಲೆಗೆ ಬರಬೇಕಿತ್ತು. ಬರಲಿಲ್ಲ.

ಅದರ ಬದಲು ಆಯಿಲ್ ಆಟ ಆಡಿದೆ. 80ಡಬ್ಲ್ಯೂ-90 ತೆಗೆದು ದಪ್ಪನೆಯ 140 ಹಾಕಿದೆ. ಸದ್ದು ನಿಜವಾಗಿಯೂ ಇಳಿಯಿತು. ಆದರೆ ಡಿಸೆಂಬರ್ ಬೆಳಗ್ಗೆ ಧಾರವಾಡದ ಚಳಿಯಲ್ಲಿ ಎರಡನೇ ಗೇರ್ ಬೀಳಲು ಎರಡೂ ಕೈ ಬೇಕಾಗುತ್ತಿತ್ತು. ಗೇರ್ ಸಲೀಸಾಗಿ ಕೂಡಿಸುವ ಸಿಂಕ್ರೋ ಕೋನ್ ಹಿಡಿಯುವುದೇ ಇಲ್ಲ, ಆಯಿಲ್ ಅಷ್ಟು ಗಟ್ಟಿ. ಆಮೇಲೆ ಯಾರೋ ಹೇಳಿದರು ಅಂತ ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ಆಯಿಲ್ ಹಾಕಿದೆ. ಮೂರು ತಿಂಗಳಿಗೆ ಬಿಚ್ಚಿ ನೋಡಿದರೆ ಆಯಿಲ್‌ನಲ್ಲಿ ಬಂಗಾರದ ಪುಡಿ ಉದುರಿಸಿದ ಹಾಗೆ ಹೊಳಪು. ಅದು ಹಿತ್ತಾಳೆ, ಕೋನ್ ರಿಂಗಿನದು. ಹಲ್ಲಿಗೆ ಒಳ್ಳೆಯದು ಅಂತ ಆ ಆಯಿಲ್‌ನಲ್ಲಿ ಬೆರೆಸುವ ಗಂಧಕದ ಮದ್ದು ಹಿತ್ತಾಳೆಗೆ ಆಗಿಬರುವುದಿಲ್ಲ. ಹಳೆಯ ಬಾಕ್ಸಿಗೆ ಜಿಎಲ್-4 (ಆ ಮದ್ದು ಕಡಿಮೆ ಇರುವ ಆಯಿಲ್) ಬಿಟ್ಟು ಬೇರೆ ಹಾಕಬೇಡಿ. ಈ ಆಟಕ್ಕೆ ನಾಲ್ಕು ಸಾವಿರ ಹೋಯಿತು. ನಡುವೆ, ಬಾಕ್ಸಿನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗ್ ಸುಮ್ನೆ ಬದಲಿಸಿದ್ದು 2,800. ಅದು ಚೆನ್ನಾಗಿಯೇ ಇತ್ತು.

ಆಯಿಲ್ ಇಳಿಸುವಾಗ ಒಂದು ಕೆಲಸ ಮಾಡಿ. ಹಳೆಯ ಸ್ಪೀಕರಿನ ಅಯಸ್ಕಾಂತ ಒಂದನ್ನು ಬುಟ್ಟಿಯೊಳಗೆ ಇಡಿ. ಕಾಡಿಗೆ ಹಾಗೆ ಮೆತ್ತಗೆ ಅಂಟಿದರೆ ಚಿಂತೆ ಇಲ್ಲ. ಹೆರೆದ ತಗಡಿನಂಥ ಚೂರು ಸಿಕ್ಕರೆ ಬೇರಿಂಗೋ ಹಲ್ಲೋ ಹೋಗಿದೆ ಅಂತ. ನನಗೆ ಸಿಕ್ಕದ್ದು ಎರಡೂ ಅಲ್ಲ. ಬೂದು ಬಣ್ಣದ ನುಣ್ಣನೆಯ ಪುಡಿ, ಬೆರಳಿಗೆ ಪೆನ್ಸಿಲ್ ಸೀಸ ಸವರಿದ ಹಾಗೆ. ಬೀಡಿನ (ಎರಕದ ಕಬ್ಬಿಣದ) ಪುಡಿ ಅದು. ಬಾಕ್ಸಿನಲ್ಲಿ ಬೀಡು ಇರುವುದು ಬಾಡಿಯಲ್ಲಿ, ಅಂದರೆ ಹೊರಗಿನ ಕವಚದಲ್ಲಿ ಮಾತ್ರ. ಅಂದರೆ ಬಾಡಿಯೇ ಸವೆಯುತ್ತಿತ್ತು!

ಮರುದಿನವೇ ಬಾಕ್ಸ್ ಇಳಿಸಿದೆ. ಲೇ ಶಾಫ್ಟಿನ ಹಿಂದಿನ ಬೇರಿಂಗ್ ಪುಲ್ಲರ್ ಇಲ್ಲದೆ ಕೈಯಲ್ಲೇ ಬಂದುಬಿಟ್ಟಿತು. ಅದರ ಹೊರಗಿನ ರೇಸಿನ (ಬಳೆಯ) ಮೇಲೆ ಸುತ್ತ ಕಂದು ಪಟ್ಟೆ, ಬಿಸಿಯಾದ ಗುರುತು. ಅದು ಕೂರುವ ಮನೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಬ್ಯಾಟರಿ ಬೆಳಕು ಬಿಟ್ಟೆ. ಒಂದು ಕಡೆ ಕನ್ನಡಿ ಹಾಗೆ ಹೊಳೆಯುತ್ತಿತ್ತು, ಇನ್ನೊಂದು ಕಡೆ ಮಾಸಲು. ಉಗುರು ಎಳೆದರೆ ಬಾಯಿಯ ಹತ್ತಿರ ಒಂದು ಮೆಟ್ಟಿಲು ತಡೆಯಿತು. ಬೇರಿಂಗ್ ತಿರುಗಿ ಇಟ್ಟು ನೋಡಿದರೆ ಹೊಳೆಯುವ ಕಡೆ, ಸಂದಿ ಅಳೆಯುವ ಫೀಲರ್ ಗೇಜಿನ 0.15 ಎಂಎಂ ಎಲೆ ಸಲೀಸಾಗಿ ಒಳಗೆ ಹೋಯಿತು. ಹಳೆಯ ಮಿಸ್ತ್ರಿ ಯಾರೋ ಬೇರಿಂಗ್ ಬಿಗಿಯಾಗಲಿ ಅಂತ ಮನೆಯ ಸುತ್ತ ಪಂಚ್ ಹೊಡೆದು ಚುಕ್ಕಿ ಎಬ್ಬಿಸಿದ ಗುರುತೂ ಇತ್ತು. ಅಂದರೆ ಈ ರೋಗ ನನಗಿಂತ ಮುಂಚೆಯೇ ಬಂದಿತ್ತು, ಮುಚ್ಚಿ ಮಾರಿದ್ದರು.

ಅಲ್ಲಿಗೆ ಎಲ್ಲ ತಾಳೆಯಾಯಿತು. ಲೋಡ್ ಎಳೆಯುವಾಗ ಹಲ್ಲುಗಳು ಲೇ ಶಾಫ್ಟನ್ನು ಮೇನ್ ಶಾಫ್ಟಿನಿಂದ ದೂರ ತಳ್ಳುತ್ತವೆ. ಮನೆ ಸವೆದದ್ದೂ ಆ ದಿಕ್ಕಿಗೇ. ಶಾಫ್ಟ್ ದೂರ ಸರಿದರೆ ಹಲ್ಲು ಪೂರ್ತಿ ಕೂಡುವುದಿಲ್ಲ, ತುದಿಯಲ್ಲೇ ಉಜ್ಜುತ್ತದೆ. ಕುಂಯ್ ಅನ್ನುವುದು ಅದೇ. ಟಾಪ್‌ನಲ್ಲಿ ಲೇ ಶಾಫ್ಟಿಗೆ ಲೋಡೇ ಇಲ್ಲ, ಅದಕ್ಕೆ ತಣ್ಣಗೆ. ಹೊಸ ಬೇರಿಂಗ್ ಹಾಕಿದಾಗಲೆಲ್ಲ ಅದರ ರೇಸ್ ಮನೆಯೊಳಗೆ ತಿರುಗಿ ತಿರುಗಿ ಸಾಯುತ್ತಿತ್ತು.

ಇಷ್ಟು ಗೊತ್ತಾದರೂ ಮತ್ತೊಂದು ತಪ್ಪು ಮಾಡಿದೆ. ಸೀಸನ್ ಹತ್ತಿರ ಇತ್ತು ಅಂತ ಬೇರಿಂಗ್ ಅಂಟು ಹಚ್ಚಿ ಕೂರಿಸಿದೆ. ಬೇರಿಂಗ್ ಸೇರಿ ಐದು ಸಾವಿರ. ಆರು ಸಾವಿರ ಕಿಲೋಮೀಟರ್‌ಗೆ ಬಿಟ್ಟಿತು. ಅಂಟು ಕೆಟ್ಟದ್ದು ಅನ್ನುವುದಿಲ್ಲ. ಕೂದಲೆಳೆ ಸಂದಿಗೆ ಅದು ಸರಿ, ಒಂದೇ ಕಡೆ ಇಷ್ಟು ಸವೆದ ಬೀಡಿಗೆ ಅಲ್ಲ. ಎಷ್ಟು ತೊಳೆದರೂ ಹಳೆಯ ಬೀಡಿನೊಳಗಿಂದ ಎಣ್ಣೆ ಒಸರುತ್ತಲೇ ಇರುತ್ತದೆ.

ಅಷ್ಟೊತ್ತಿಗೆ 37 ಸಾವಿರ ಆಸುಪಾಸು ಕೈ ಬಿಟ್ಟಿತ್ತು. ಗುಜರಿಯಲ್ಲಿ ಹಳೆಯ ಬಾಕ್ಸಿಗೆ 55 ಸಾವಿರ ಕೇಳಿದರು. ಅದರ ಮನೆ ಹೇಗಿದೆ ನೋಡಲು ಬಿಚ್ಚಿ ತೋರಿಸಿ ಅಂದರೆ ತೋರಿಸಲಿಲ್ಲ. ಬುಶ್ ಹಾಕಿಸುತ್ತೇನೆ ಅಂದಾಗ ನನ್ನ ಖಾಯಂ ಮಿಸ್ತ್ರಿ ಪಾನಾ ಕೆಳಗಿಟ್ಟ. "ಅಣ್ಣಾ, ಬೀಡಿನ ಬಾಡಿಗೆ ಬುಶ್ ನಿಲ್ಲಂಗಿಲ್ರಿ. ಘಟ್ಟದಾಗ ಕಳಚಿ ಬರತೈತಿ, ಶಾಫ್ಟೂ ತಗೊಂಡು ಹೋಗತೈತಿ. ಆಮ್ಯಾಲೆ ನನ್ ಹೆಸರು ಹೇಳಬ್ಯಾಡ್ರಿ" ಅಂದ. ಅವನು ಕೆಟ್ಟವನಲ್ಲ. ಅವನು ಕಂಡ ಬುಶ್‌ಗಳೆಲ್ಲ ಕಳಚಿ ಬಂದಿದ್ದವು. ಯಾಕೆ ಅಂತ ಅವನ ಹತ್ತಿರವೇ ಕೇಳಿ ತಿಳಿದುಕೊಂಡೆ. ಸವೆದ ಮನೆಯನ್ನು ಸವೆದ ಜಾಗದಿಂದಲೇ ಸೆಂಟರ್ ಹಿಡಿದು ಬೋರ್ ಮಾಡಿಸಿದ್ದರು, ಅಂದರೆ ತೂತು ಕೊರೆದು ದೊಡ್ಡದು ಮಾಡಿಸಿದ್ದರು. ಆಗ ಬುಶ್ ಗಟ್ಟಿ ಕೂತರೂ ಶಾಫ್ಟ್ ತಪ್ಪು ಜಾಗದಲ್ಲೇ ಇರುತ್ತದೆ. ಸದ್ದೂ ಹೋಗುವುದಿಲ್ಲ, ಬುಶ್ಶೂ ಬಾಳುವುದಿಲ್ಲ.

2023ರ ಡಿಸೆಂಬರ್‌ನಲ್ಲಿ, ಮೆಣಸಿನಕಾಯಿ ಸೀಸನ್ನಿಗೆ ಮುಂಚೆ, ಖಾಲಿ ಬಾಡಿಯನ್ನು ತಾರಿಹಾಳದ ಒಬ್ಬ ಹಿರಿಯ ಟರ್ನರ್ (ಲೇತ್ ಕೆಲಸದವರು) ಹತ್ತಿರ ಒಯ್ದೆ. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಅವರು ಬಾಡಿಯನ್ನು ಮಷೀನ್ ಮೇಲೆ ಇಡುವ ಮೊದಲು ಅರ್ಧ ದಿನ ಬರೀ ಅಳೆದರು. ಮುಂದಿನ ಮನೆ ಸವೆದಿರಲಿಲ್ಲ. ಅದರೊಳಗೆ ಬಿಗಿಯಾಗಿ ಕೂರುವ ಒಂದು ಬಾರ್ ಕಡೆದು ಹಿಂದಿನ ತನಕ ಚಾಚಿಸಿದರು. ಇನ್ನು ಹಿಂದಿನ ಮನೆಯ ಬಾಯಿಯಲ್ಲಿ ಎರಡು ಮೂರು ಎಂಎಂ ಅಗಲದ ಒಂದು ಅಂಚು ಇದೆ, ಅಲ್ಲಿಗೆ ರೇಸ್ ಮುಟ್ಟುವುದೇ ಇಲ್ಲ. ನನ್ನ ಉಗುರು ತಡೆದ ಮೆಟ್ಟಿಲು ಅದೇ. ಅದು ಕಂಪನಿ ಕಡೆದ ದಿನ ಹೇಗಿತ್ತೋ ಹಾಗೇ ಇತ್ತು. ಆ ಅಂಚಿಗೆ ಡಯಲ್ ಗೇಜ್ ಮುಟ್ಟಿಸಿ ಸೆಂಟರ್ ಹಿಡಿಯೋಣ ಅಂದದ್ದು ನಾನು. ಕಾಕಾ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಖರೇ ಅದ ನೋಡಪಾ" ಅಂದರು. 40 ವರ್ಷ ಕಬ್ಬಿಣ ಕಡೆದ ಮನುಷ್ಯ ಹಾಗಂದಾಗ ಎದೆ ತುಂಬಿ ಬಂತು. ಅಂಚು ತೋರಿಸಿದ ಸೆಂಟರೂ ಬಾರಿನ ಸೆಂಟರೂ ಒಂದೇ ಕಡೆ ಬಂದವು. ಗೇಜಿನ ಮುಳ್ಳು ಒಂದೆರಡು ಗೆರೆ ಅಲ್ಲಾಡಿತು, ಅಷ್ಟೇ.

ಬುಶ್ಶಿಗೆ ಹಳೆಯ ಇಂಜಿನ್ ಲೈನರ್ (ಸಿಲಿಂಡರಿನೊಳಗಿನ ಬೀಡಿನ ಕೊಳವೆ) ತುಂಡು ಬಳಸಿದೆವು. ಲೈನರ್ ಬೀಡು ಹರಳು ಸಣ್ಣದು, ಸವೆಯುವುದು ಕಡಿಮೆ, ಗುಜರಿಯಲ್ಲಿ ನನಗೆ 300 ರೂಪಾಯಿಗೆ ಸಿಕ್ಕಿತು. ಯಾವ ಇಂಜಿನ್ನಿನ ಲೈನರ್ ಅಳತೆಗೆ ಸರಿಹೋಗುತ್ತದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ಎರಡು ವಾರ ಗುಜರಿ ಅಲೆದಿದ್ದೇನೆ. ಬುಶ್ ಎಷ್ಟು ಬಿಗಿ ಇರಬೇಕು ಅನ್ನುವ ಲೆಕ್ಕವೂ ಕಾಕಾನ ಹತ್ತಿರವೇ ಇರಲಿ.

ಕೂರಿಸುವುದನ್ನು ಮಾತ್ರ ಹೇಳುತ್ತೇನೆ. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಬುಶ್ ಸೊಟ್ಟ ಹೋಗುತ್ತದೆ. ನಮ್ಮ ಓಣಿಯ ಐಸ್‌ಕ್ರೀಮ್ ಅಂಗಡಿಯ ಫ್ರೀಜರ್‌ನಲ್ಲಿ ಬುಶ್ಶನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ಬಾಡಿಯ ಆ ಭಾಗವನ್ನು ಬ್ಲೋ ಲ್ಯಾಂಪಿನಿಂದ ನಿಧಾನಕ್ಕೆ ಸುತ್ತ ಬಿಸಿ ಮಾಡಿದೆವು. ನೀರಿನ ಹನಿ ಬಿದ್ದರೆ ಚುರ್ ಅಂದು ಆರಬೇಕು, ಆದರೆ ಕುಣಿಯಬಾರದು. ಒಂದೇ ಕಡೆ ಬೆಂಕಿ ಹಿಡಿದರೆ ಬೀಡು ಸೀಳುತ್ತದೆ, ನೆನಪಿರಲಿ. ಬುಶ್ಶಿಗೆ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ತಂದೆ, ಕೈಯಲ್ಲಿ ಬಟ್ಟೆ. ಬಾಯಿಗೆ ಇಟ್ಟು ಅಂಗೈಯಲ್ಲಿ ಒತ್ತಿದರೆ ಟಕ್ ಅಂತ ತಳಕ್ಕೆ ಕೂತಿತು. ಹತ್ತು ಸೆಕೆಂಡ್ ತಡ ಮಾಡಿದ್ದರೆ ಅರ್ಧದಲ್ಲಿ ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಒಳಗೆ ಬೇರಿಂಗಿನ ಅಳತೆಗೆ ಕೊನೆಯ ಬೋರ್ ಹೊಡೆದದ್ದು ಬುಶ್ ಕೂತ ಮೇಲೆಯೇ. ಮುಂಚೆಯೇ ಒಳಗಿನ ಅಳತೆ ಮುಗಿಸಿದರೆ ಕೂತಾಗ ಕುಗ್ಗುತ್ತದೆ.

ಖರ್ಚು ಹೀಗೆ: ಬೋರಿಂಗ್ 4,500, ಲೈನರ್ 300, ಬೇರಿಂಗ್ ಮತ್ತು ಸೀಲ್ 8,000, ಆಯಿಲ್ ಗ್ಯಾಸ್ಕೆಟ್ 4,000, ಬಾಕ್ಸ್ ಇಳಿಸಿ ಏರಿಸಲು ಹುಡುಗನಿಗೆ 1,500. ಒಟ್ಟು 18 ಸಾವಿರದ ಮೇಲೆ ಸ್ವಲ್ಪ. ಗಾಡಿ ನಿಂತದ್ದು ಆರು ದಿನ.

ಗೇರ್ ಸೆಟ್ಟೂ ಬದಲಿಸಿ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಹಲ್ಲು ಮುರಿದಿರಲಿಲ್ಲ, ಚಿಪ್ಪು ಎದ್ದಿರಲಿಲ್ಲ. ಬದಲಿಸಿದರೆ ಜೋಡಿ ಜೋಡಿಯಾಗಿಯೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದು ಕೂಡಿಸಿದರೆ ಅದರದ್ದೇ ಬೇರೆ ಸದ್ದು.

ಈ ನಡುವೆ ನನ್ನ ಚಿಕ್ಕಪ್ಪನ ಮಗನ 407 ಸಣ್ಣ ಲಾರಿ ನಿಂತಲ್ಲೇ ಕಟಕಟ ಅನ್ನುತ್ತಿತ್ತು. ಅವನೂ ಬುಶ್ ಹಾಕಿಸೋಣ ಅಂತ ಬಂದ. ಐಡಲ್ ಸ್ವಲ್ಪ ಏರಿಸಿದರೆ ಸದ್ದು ಮಾಯ, ಕ್ಲಚ್ ತುಳಿದರೂ ಮಾಯ. ಬಾಕ್ಸ್ ಮುಟ್ಟಬೇಡ ಅಂದೆ. ಕ್ಲಚ್ ಪ್ಲೇಟ್ ಇಳಿಸಿದರೆ ನಡುವಿನ ಸ್ಪ್ರಿಂಗ್‌ಗಳು ಮನೆಯಲ್ಲಿ ಗಿಲಕಿ ಹಾಗೆ ಆಡುತ್ತಿದ್ದವು. ಪ್ಲೇಟ್ ಬದಲಿಸಿದ, ಮುಗಿಯಿತು. ಡೀಸೆಲ್ ಇಂಜಿನ್ನಿನ ಹೊಡೆತ ತಡೆಯುವುದೇ ಆ ಸ್ಪ್ರಿಂಗ್. ಎಲ್ಲ ಸದ್ದಿಗೂ ಬಾಕ್ಸ್ ಬಿಚ್ಚುವವರಿದ್ದಾರೆ, ಅದಕ್ಕೆ ಹೇಳಿದೆ.

ಬುಶ್ ಹಾಕಿದ ಮೇಲೆ ಮೊದಲ ಟ್ರಿಪ್ ಗೋವಿನಜೋಳ ಹೇರಿ ಯಲ್ಲಾಪುರ ದಾಟಿ ಅಂಕೋಲಾಕ್ಕೆ. ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೋದೆ. ವಾಪಸ್ ಬರುವಾಗ ಅರಬೈಲ್ ಏರಿನಲ್ಲಿ ಎರಡನೇ ಗೇರ್ ಹಾಕಿ ಅವನ ಮುಖ ನೋಡಿದೆ. ಅವನು ಕಿಟಕಿ ಏರಿಸಿ, ಗೇರ್ ಲಿವರ್ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಿದ್ದ. ಮೇಲೆ ಬಂದಾಗ "ಮೂರ್ನೇದ್ರಾಗ ಸಣ್ಣಗ ಐತಿ ಅಣ್ಣಾ" ಅಂದ. ಹೌದು, ಮೂರನೆಯದರಲ್ಲಿ ಸಣ್ಣಗೆ ಇದೆ. ತಪ್ಪು ಜಾಗದಲ್ಲಿ ಎರಡು ವರ್ಷ ಉಜ್ಜಿದ ಹಲ್ಲು ಅದು. ಅಷ್ಟಕ್ಕೆ ಗೇರ್ ಜೋಡಿ ಹಾಕಿಸುವುದಿಲ್ಲ. ಹೋದ ತಿಂಗಳು ಅದೇ ಮಿಸ್ತ್ರಿ ಗದಗಿನ ಒಬ್ಬರ ಬಾಕ್ಸ್ ಬಾಡಿ ತಂದು ನನ್ನ ಅಂಗಳದಲ್ಲಿ ಇಳಿಸಿದ್ದಾನೆ. ಮನೆಯ ಬಾಯಿಯ ಅಂಚು ಚೆನ್ನಾಗಿದೆ. ಲೈನರ್ ತುಂಡು ಸಿಕ್ಕಿದೆ, ಕಾಕಾನ ಮಷೀನ್ ಖಾಲಿಯಾಗುವುದನ್ನು ಕಾಯುತ್ತಿದ್ದೇವೆ.