ನಿಮ್ಮೂರು ಯಾವ ರಾಜರ ಕೈಯಾಗಿತ್ತು? ಸಂಸ್ಥಾನದ ಹಳೇ ಕಾಗದ ಹುಡುಕೋದು, ಓದೋದು ಹೆಂಗ

ರಬಕವಿಯಿಂದ ಎಲಿ ಅಡಿಕಿ ಬಾಯಾಗ ಹಾಕ್ಕೊಂಡು ಹೊಂಟ್ರ ಅದು ಕರಗೋದ್ರಾಗ ಬನಹಟ್ಟಿ ಮುಟ್ತೀರಿ. ಈಗ ಎರಡೂ ಸೇರಿ ಒಂದ ನಗರಸಭೆ, ಒಂದ ತಾಲೂಕು. ಆದ್ರ 1948ರ ಮುಂಚೆ ಇಷ್ಟು ನಡದ್ರ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕ ಕಾಲಿಟ್ಟಂಗ, ಯಾಕಂದ್ರ ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು.

ಇದು ಗೊತ್ತಿಲ್ಲದ ನಾ ಎರಡು ದಿನ ಹಾಳ ಮಾಡ್ಕೊಂಡೇನಿ. ನಮ್ಮ ತಾಯಿ ತವರುಮನಿ ರಬಕವಿ, ಆ ಮನಿ ಬಗ್ಗೆ ಮುತ್ಯಾನ ಟ್ರಂಕಿನಾಗ ಒಂದು ಮಡಚಿ ಮಡಚಿ ಹರಿಯಾಕ ಬಂದ ಮೋಡಿ (ಹಳೇ ಮರಾಠಿ ಕೈಬರಹದ ಲಿಪಿ) ಕಾಗದ ಇತ್ತು. ಮನ್ಯಾಗ ಎಲ್ಲಾರೂ ಅನ್ನೋದು ಒಂದ, "ಈ ಮನಿ ರಾಜರು ನಮ್ಮ ಹಿರ್ಯಾರಿಗೆ ಇನಾಮು ಕೊಟ್ಟಿದ್ದು" ಅಂತ. ರಬಕವಿ ಬ್ಯಾರೆ ತಾಲೂಕು ಆಗೋಕ್ಕಿಂತ ಮುಂಚೆ ನಾ ಹುಟ್ಟಿದಾಗಿಂದ ಕೇಳಿದ್ದು ಜಮಖಂಡಿ ತಾಲೂಕು, ಹಂಗಾಗಿ ಸೀದಾ ಜಮಖಂಡಿ ಸಂಸ್ಥಾನದ ದಪ್ತರ ಎಲ್ಲೈತ್ರಿ ಅಂತ ಕಚೇರಿ ಕಚೇರಿ ಅಡ್ಡಾಡಿದೆ. ಕಡೀಕ ಒಬ್ಬ ರಿಟೈರ್ ಆದ ಹಿರ್ಯಾರು ಕಾಗದದ ತುದಿ ಮ್ಯಾಲಿನ ಮುದ್ರಿ ನೋಡಿ, "ತಮ್ಮಾ, ಇದು ಸಾಂಗ್ಲಿ ಮುದ್ರಿ, ಇಲ್ಲಿ ಏನ್ ಹುಡಕಾಕತ್ತೀ?" ಅಂದ್ರು. ನೀವು ಹಂಗ ಅಲೀಬಾರ್ದು ಅಂತ ಇಷ್ಟು ಬರ್ಯಾಕತ್ತೇನಿ.

ಮೊದಲನೇ ಹೆಜ್ಜಿ: ತಾಲೂಕು ಮರೀರಿ, ಊರಿನ ಹೆಸರು ಹಿಡೀರಿ

ಈಗಿನ ಜಿಲ್ಲೆ ತಾಲೂಕಿನ ನಕಾಶೆ ಇದಕ್ಕ ಏನೂ ಉಪಯೋಗ ಇಲ್ರಿ. ಸಂಸ್ಥಾನ ಅಂದ್ರ ಒಂದ ಕಡೆ ಇದ್ದ ಸೀಮಿ ಅಲ್ಲ, ಕಂಬಳಿ ಮ್ಯಾಲೆ ಜ್ವಾಳ ಚೆಲ್ಲಿದಂಗ ಅಲ್ಲೊಂದು ಇಲ್ಲೊಂದು. ಬೆಳಗಾವಿಗೆ ಹತ್ತೇ ಇರೋ ಶಹಾಪುರ ಸಾಂಗ್ಲಿದು, ತೇರದಾಳ ಸಾಂಗ್ಲಿದು, ಅತ್ತ ಗದಗ ಕಡೆ ಶಿರಹಟ್ಟಿನೂ ಸಾಂಗ್ಲಿದ. ಧಾರವಾಡ ಜಿಲ್ಲೆಯಾಗಿನ ಕುಂದಗೋಳ ಜಮಖಂಡಿದು. ಮಹಾಲಿಂಗಪುರ ಮುಧೋಳದ್ದು, ರಾಯಬಾಗ ಕೊಲ್ಹಾಪುರದ್ದು, ವಿಜಯಪುರ ಜಿಲ್ಲೆಯಾಗಿನ ಗುಣದಾಳ ಎಲ್ಲೋ ಸಾತಾರಾ ಕಡೆ ಇದ್ದ ಔಂಧ ಸಂಸ್ಥಾನದ್ದು ಅಂದ್ರ ನಂಬ್ತೀರೇನು?

ಯಾಕ ಹಿಂಗ ಅಂದ್ರ, ಇವುಗಳಾಗ ಭಾಳಷ್ಟು ಯುದ್ಧ ಮಾಡಿ ಸುತ್ತ ಗೋಡಿ ಕಟ್ಟಿದ ರಾಜ್ಯ ಅಲ್ಲ, ದಂಡು ಸಾಕಾಕ ಅಂತ ಪೇಶ್ವೆಯವರು ಸರದಾರರಿಗೆ ಕೊಟ್ಟ ಸರಂಜಾಮು ಜಹಗೀರು, ಎಲ್ಲಿ ವಸೂಲಿ ಛಲೋ ಐತಿ ಅಲ್ಲಿ ಹಳ್ಳಿ ಹರದು ಕೊಟ್ಟಿದ್ರು. ಆಮ್ಯಾಲೆ ಈ ಸರದಾರರೊಳಗಿನ ಪಟವರ್ಧನ ಮನೆತನದಾಗ ಅಣ್ಣತಮ್ಮಂದ್ರು ಬ್ಯಾರೆ ಆದಂಗ ಸಾಂಗ್ಲಿ, ಮಿರಜ, ಜಮಖಂಡಿ, ಕುರುಂದವಾಡ ಅಂತ ಹೋಳಾದ್ವು, ಜಮಖಂಡಿ ಬ್ಯಾರೆ ಆಗಿದ್ದು 1811ರಾಗ. ಮಿರಜದಾಗ ಮತ್ತ ಹಿರೇ ಮಿರಜ, ಕಿರೇ ಮಿರಜ ಅಂತ ಎರಡು. ಹೊಲ ಹಿಸೆ ಆದ ಮನ್ಯಾರಿಗೆ ಇದು ಬಿಡಿಸಿ ಹೇಳೋದು ಬ್ಯಾಡ.

ಊರು ಯಾವ ಸಂಸ್ಥಾನದ್ದು ಅಂತ ನೋಡಾಕ ಸುಲಭ ದಾರಿ 1908ರ ಇಂಪೀರಿಯಲ್ ಗೆಜೆಟಿಯರ್, ಅದು ಆನ್‌ಲೈನ್ ಫ್ರೀ ಸಿಗ್ತೈತಿ, ಅಕ್ಷರಮಾಲೆ ಪ್ರಕಾರ ಐತಿ. ದೊಡ್ಡ ಊರು ಅದರಾಗ ಸಿಗ್ತಾವ, ಸಣ್ಣ ಹಳ್ಳಿಗೆ ಹಳೇ ಜನಗಣತಿ ವರದಿ ನೋಡ್ರಿ. ಹಂಗ ನೋಡುವಾಗ ಅಂಕಿ ಮ್ಯಾಲೂ ಒಂದು ಕಣ್ಣು ಹಾಕ್ರಿ, ಮಜಾ ಬರ್ತೈತಿ. 1901ರಾಗ ಜಮಖಂಡಿ 524 ಚದರ ಮೈಲಿ, 1,05,357 ಮಂದಿ. ಮುಧೋಳ 368 ಚದರ ಮೈಲಿ, 63,001 ಮಂದಿ. ರಾಮದುರ್ಗ ಬರೇ 169 ಚದರ ಮೈಲಿ, 37,848 ಮಂದಿ. ಇಷ್ಟು ಮಂದಿಗೆ ಒಬ್ಬ ರಾಜ, ಒಂದು ಅರಮನಿ, ಒಂದು ಜೇಲು, ಒಂದು ಖಜಾನಿ! ಇನ್ನೊಂದು ಮಜಾ, ಘೋರ್ಪಡೆ ಮನೆತನದ ಮುಧೋಳಕ್ಕ 9 ತೋಪಿನ ಸಲಾಮಿ ಇತ್ತು, ಅದಕ್ಕಿಂತ ದೊಡ್ಡದಾದ ಜಮಖಂಡಿಗೆ ಒಂದು ತೋಪೂ ಇಲ್ಲ. ಬ್ರಿಟಿಷರ ಲೆಕ್ಕದಾಗ ಮಾನಮರ್ಯಾದಿ ಎಕರೆ ಮ್ಯಾಲೆ ಇರ್ಲಿಲ್ಲ.

ಎರಡನೇ ಹೆಜ್ಜಿ: ರಾಜನ ಮ್ಯಾಲೆ ಯಾರಿದ್ರು ನೋಡ್ರಿ

ಎಲ್ಲಾರೂ ಎಡವೋದು ಇಲ್ಲೇ. ಕಾಗದದ ಮ್ಯಾಲೆ ರಾಜನ ಮುದ್ರಿ ಇದ್ದ ಕೂಡ್ಲೆ ರಾಜನ ಠರಾವು ಅಂತ ತಿಳ್ಕೊಂಡು ಬಿಡ್ತೀವಿ. ಸಂಸ್ಥಾನದಾಗ ಕಂದಾಯ ವಸೂಲಿ, ಕೋರ್ಟು, ಪೋಲೀಸು, ಸಾಲಿ ಎಲ್ಲಾ ರಾಜನ ಹೆಸರಿನಾಗ ನಡೀತಿದ್ವು ಖರೆ. ಆದ್ರ ಮ್ಯಾಲೆ ಒಬ್ಬ ಬ್ರಿಟಿಷ್ ಸಾಹೇಬ ಕುಂತಿರ್ತಿದ್ದ. ಜಮಖಂಡಿ, ಮುಧೋಳ, ರಾಮದುರ್ಗಕ್ಕ ಅಂವ ಕೊಲ್ಹಾಪುರದಾಗಿನ ಪೊಲಿಟಿಕಲ್ ಏಜೆಂಟ್, ಮುಂದ ಅವನ್ನ ರೆಸಿಡೆಂಟ್ ಅಂತ ಕರದ್ರು. ಜತ್ತ ಸಂಸ್ಥಾನಕ್ಕ ಮಾತ್ರ ವಿಜಯಪುರದ ಕಲೆಕ್ಟರ್ರ ಪೊಲಿಟಿಕಲ್ ಏಜೆಂಟ್. ಅಂದ್ರ ಈಗ ಮಹಾರಾಷ್ಟ್ರದಾಗಿರೋ ಜತ್ತದ ಒಂದು ಕಾಗದದ ಇನ್ನೊಂದು ಮುಖ ವಿಜಯಪುರ ಕಲೆಕ್ಟರ್ ಆಫೀಸಿನ ಹಳೇ ಕಡತದಾಗ ಸಿಗೋ ಸಾಧ್ಯತಾ ಐತಿ. ಯಾವಾಗೂ ಎರಡು ಕಡೆ ಹುಡುಕ್ರಿ, ಒಂದು ರಾಜನ ಹುಜೂರ ಕಚೇರಿದು, ಒಂದು ಸಾಹೇಬಂದು.

ರಾಜ ತನ್ನ ಮನ್ಯಾಗ ಮಗನ್ನ ದತ್ತಕ ತಗೊಳ್ಳಾಕೂ ಕೇಳಬೇಕಿತ್ತು. ಕಿತ್ತೂರಿನ ಜಗಳ 1824ರಾಗ ಸುರು ಆಗಿದ್ದ ದತ್ತಕ ಒಪ್ಪದ್ದಕ್ಕ, ನರಗುಂದದ ಬಾಬಾಸಾಹೇಬ್ರಿಗೂ ಅದ ಸಿಟ್ಟು. 1858ರ ಮೇ 29ಕ್ಕ ರಾಮದುರ್ಗದ ಹತ್ತಿರ ಸುರೇಬಾನದಾಗ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲಿ ಹಾರಿಸಿ ನರಗುಂದದ ಅಗಸಿಗೆ ನೇತುಹಾಕಿದ್ರು, ಎರಡು ವಾರದಾಗ ಬೆಳಗಾವಿಯೊಳಗ ಬಾಬಾಸಾಹೇಬ್ರಿಗೆ ಫಾಶಿ ಆತು, ಸಂಸ್ಥಾನ ಹೋತು. ಇದರಿಂದ ಪಾಠ ಕಲ್ತ ಸರ್ಕಾರ 1862ರಾಗ ರಾಜರಿಗೆ ದತ್ತಕದ ಸನದು (ಹಕ್ಕುಪತ್ರ) ಕೊಡ್ತು. ರಾಜ ಸಣ್ಣಾಂವ ಇದ್ದಾಗ ತಂದೆ ತೀರಿಹೋದ್ರ ಸಾಹೇಬ್ರು ತಮ್ಮ ಕಡೆಯವರನ್ನ ಆಡಳಿತಕ್ಕ ಕುಂಡ್ರಸ್ತಿದ್ರು, ಆ ವರ್ಷಗಳ ಕಾಗದ ಇಂಗ್ಲಿಷಿನಾಗ ಭಾಳ ಸಿಗ್ತಾವ, ಅಚ್ಚುಕಟ್ಟಾಗೂ ಇರ್ತಾವ, ನಿಮ್ಮ ಅದೃಷ್ಟ ಅನ್ಕೋರಿ.

ಈ ಎರಡು ಸರ್ಕಾರ ಹೆಂಗ ಕೂಡಿ ಕೆಲಸ ಮಾಡ್ತಿದ್ವು ಅಂತ ತಿಳಕೊಳ್ಳಾಕ ಹಲಗಲಿ ಸಾಕು. ಹಲಗಲಿ ಇದ್ದಿದ್ದು ಮುಧೋಳ ಸಂಸ್ಥಾನದಾಗ. 1857ರಾಗ ಹತಾರ ಒಪ್ಪಿಸ್ರಿ ಅನ್ನೋ ಕಾಯ್ದೆ ಬ್ರಿಟಿಷರದು, ಅದನ್ನ ಊರೂರಿಗೆ ಮುಟ್ಟಿಸಿದ್ದು ಮುಧೋಳದ ಕಚೇರಿ, ಒಲ್ಲೆವು ಅಂದ ಬ್ಯಾಡರ ಮ್ಯಾಲೆ ಬಂದ ದಂಡು ಮತ್ತ ಬ್ರಿಟಿಷರದು. ಊರಿಗೆ ಬೆಂಕಿ ಹಚ್ಚಿದ್ರು, ಡಿಸೆಂಬರದಾಗ ಮುಧೋಳದೊಳಗ, ಹಲಗಲಿಯೊಳಗ ಕೂಡಿ 19 ಜನರನ್ನ ಗಲ್ಲಿಗೇರಿಸಿದ್ರು. ಬರೇ ಒಂದು ಕಡೆ ಕಾಗದ ಓದಿದ್ರ ತಪ್ಪೆಲ್ಲಾ ಆ ಕಡೆಯವರದ ಅನಸ್ತೈತಿ.

ಮೂರನೇ ಹೆಜ್ಜಿ: ಸಹಿ ಯಾರದು

ಊರಾಗ ಗೌಡ, ಕುಲಕರ್ಣಿ, ವಾಲಿಕಾರ. ಅವರ ಮ್ಯಾಲೆ ತಾಲೂಕಿಗೆ ಮಾಮಲೇದಾರ, ತಾಲೂಕಿಗಿಂತ ಸಣ್ಣ ಮಹಾಲ ಇದ್ರ ಮಹಾಲಕರಿ. ರಾಜಧಾನಿಯೊಳಗ ಕಾರಭಾರಿ, ಮುಂದ ಮುಂದ ಅವರನ್ನ ದಿವಾನ ಅಂದ್ರು. ಕೋರ್ಟಿಗೆ ನ್ಯಾಯಾಧೀಶ. ರಾಜರ ಮನಿ ಖರ್ಚು, ಹೊಲ, ಕುದರಿ ನೋಡಾಕ ಖಾಸಗಿ ಖಾತೆ ಬ್ಯಾರೆ. ನಿಮ್ಮ ಕಾಗದ ಖಾಸಗಿದೋ ದಿವಾಣಿದೋ (ಸರ್ಕಾರದ್ದೋ) ನೋಡ್ಕೋರಿ, ಎರಡರ ದಪ್ತರ ಬ್ಯಾರೆ ಬ್ಯಾರೆ.

ಹೆಸರು ನೆನಪ ಉಳೀದಿದ್ರ ಜಮಖಂಡಿ ಇಲ್ಲಾ ಮುಧೋಳದ ಯಾವ್ದರ ಲಗ್ನಪತ್ರಿಕಿ ತಗದು ನೋಡ್ರಿ. ಚಿಟ್ನಿಸ, ಫಡ್ನಿಸ, ಪೋತದಾರ, ಮುಜುಮದಾರ, ದಪ್ತರದಾರ, ಜಮಾದಾರ, ಕಾರಖಾನೀಸ. ಚಿಟ್ನಿಸ ಪತ್ರ ಬರ್ಯಾಂವ, ಫಡ್ನಿಸ ಲೆಕ್ಕ ಇಡಾಂವ, ಪೋತದಾರ ರೊಕ್ಕ ಪಾರಖ ಮಾಡಾಂವ. ಸಂಸ್ಥಾನ ಹೋಗಿ ಇಷ್ಟು ವರ್ಷ ಆದ್ರೂ ಇಡೀ ಆಫೀಸು ಊಟದ ಪಂಕ್ತಿಯೊಳಗ ಕುಂತೈತಿ.

ನಾಲ್ಕನೇ ಹೆಜ್ಜಿ: ಓದೋದು

ದೊಡ್ಡ ಬೆಟ್ಟ ಇದ. ನಮ್ಮ ಮಂದಿ ಮಾತಾಡಿದ್ದು ಕನ್ನಡ, ಈ ಮರಾಠಾ ಸಂಸ್ಥಾನಗಳ ದಪ್ತರ ಮರಾಠಿ, ಅದೂ ಮೋಡಿ ಲಿಪಿ, ಲೇಖಣಿ ಎತ್ತದ ಒಂದ ಸಮನ ಎಳಕೋತ ಹೋಗ್ತಾರ, ಶಬ್ದ ಎಲ್ಲಿ ಮುಗೀತು ಅಂತ ಗೊತ್ತಾಗೂದಿಲ್ಲ. ಇಡೀ ಕಾಗದ ಓದಾಕ ಹೋಗಬ್ಯಾಡ್ರಿ. ಮೊದ್ಲ ಅಂಕಿ ಹುಡುಕ್ರಿ, ಆಮ್ಯಾಲೆ ಊರ ಹೆಸರು, ಆಮ್ಯಾಲೆ ನಿಮ್ಮ ಅಡ್ಡಹೆಸರು. ಈ ಮೂರು ಸಿಕ್ರ ಅರ್ಧ ಕೆಲಸ ಆದಂಗ, ಉಳದದ್ದು ಮೋಡಿ ಬಲ್ಲವರ ಕಡೆ ಓದಿಸ್ರಿ. ಓದಿಸಾಕ ಕೊಡುವಾಗ ಅಸಲಿ ಕೈಬಿಡಬ್ಯಾಡ್ರಿ, ಬಿಸಲಿಲ್ಲದ ಕಡೆ ಸಪಾಟ ಹಾಸಿ ಮೊಬೈಲಿನಾಗ ನಾಕು ಫೋಟೋ ಹೊಡದು ಅದನ್ನ ಕಳಸ್ರಿ. ಹರದ ಕಡೆ ಸೆಲ್ಲೋಟೇಪ್ ಅಂತೂ ಹಚ್ಚಲೇಬ್ಯಾಡ್ರಿ, ನಮ್ಮ ಮಾವ ಹಚ್ಚಿದ್ದು ಹಳದಿ ಆಗಿ ಎರಡು ಸಾಲು ನುಂಗಿ ಹಾಕೈತಿ.

ತಾರೀಖು ಇನ್ನೊಂದು ತಲಿಬ್ಯಾನಿ. ಇಸ್ವಿ ಬೇಕಂದ್ರ, ಶಕೆ ಅಂತಿದ್ರ 78 ಕೂಡಸ್ರಿ. ಫಸಲಿ ಅಂತಿದ್ರ 590. ಇನ್ನೂ ಹಳೇವು ಸುಹೂರ್ ಸನ್ ಇರ್ತಾವ, ಅದಕ್ಕ 599. ಸುಹೂರ್ ಸನ್ ಅಂಕಿಯೊಳಗ ಬರದ ಅರಬ್ಬಿ ಶಬ್ದದಾಗ ಬರೀತಿದ್ರು, ಇಹಿದೆ ಅಶರೀನ ಮಯಾತೈನ ವ ಅಲಫ ಅಂತ, ಅಂದ್ರ ಒಂದು, ಇಪ್ಪತ್ತು, ಎರಡು ನೂರು, ಸಾವಿರ, 1221, ಅದಕ್ಕ 599 ಕೂಡಿಸಿದ್ರ 1820. ಮೊದಲ ಸಲ ಕೇಳಿದಾಗ ಮಂತ್ರ ಹೇಳಾಕತ್ತಾರೇನೋ ಅನಸ್ತು. ಈ ವರ್ಷ ಸುರು ಆಗೋದು ಜನವರಿಗೆ ಅಲ್ಲ, ಜೂನ್ ಮೊದಲ ವಾರ, ಮಿರಗ ಕೂಡಿದ ದಿನ. ಅದಕ್ಕ ಅದನ್ನ ಮೃಗಸಾಲ ಅಂತಾನೂ ಅಂತಿದ್ರು. ಮಿರಗದ ಮಳಿ ಆದ್ರ ಬಿತ್ತಿಗಿ, ಬಿತ್ತಿಗಿಯಿಂದ ಹೊಸ ಲೆಕ್ಕ, ರೈತರ ಹಂತೇಕ ವಸೂಲಿ ಮಾಡಾಂವಗ ಇದಕ್ಕಿಂತ ಛಲೋ ಹೊಸವರ್ಷ ಯಾವ್ದರಿ? ಹಂಗಾಗಿ ಮಾರ್ಚಿನ ಕಾಗದ ಇದ್ರ ಒಂದು ವರ್ಷ ಜಾಸ್ತಿ ಕೂಡಸ್ರಿ, ಇಲ್ಲಂದ್ರ ಲೆಕ್ಕ ತಪ್ಪತೈತಿ.

ಐದನೇ ಹೆಜ್ಜಿ: ಎಲ್ಲಿ ಹೋಗೋದು

ಹೊಲ ಮನಿ ವಿಷಯ ಇದ್ರ ಮೊದ್ಲ ತಹಶೀಲ್ದಾರ ಕಚೇರಿ ರೆಕಾರ್ಡ್ ರೂಮ್, ಹಳೇ ಉತಾರದಿಂದ ಹಿಂದ ಹಿಂದ ಹೋಗ್ರಿ. ಪ್ಯಾಟಿ ಒಳಗಿನ ಜಾಗ ಆದ್ರ ಸಿಟಿ ಸರ್ವೆ. ಅಲ್ಲಿ ಮುಗೀತು ಅಂದ್ರ ಧಾರವಾಡದ ವಿಭಾಗೀಯ ಪತ್ರಾಗಾರ. ಪೊಲಿಟಿಕಲ್ ಏಜೆಂಟರ ಕಡೆ ಕಾಗದಕ್ಕ ಕೊಲ್ಹಾಪುರ, ಪೇಶ್ವೆ ಕಾಲದ್ದಕ್ಕ ಪುಣೆ, ಮುಂಬೈ ಸರ್ಕಾರದ ಪತ್ರವ್ಯವಹಾರಕ್ಕ ಮುಂಬೈ. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ್ದು ಅಭಿಲೇಖ್ ಪಟಲ್ ಅಂತ ವೆಬ್‌ಸೈಟ್ ಐತಿ, ಮನ್ಯಾಗ ಕುಂತ ನೋಡಬಹುದು. ಅಲ್ಲಿ ಈಗಿನ ಸ್ಪೆಲಿಂಗ್ ಹಾಕಿದ್ರ ಏನೂ ಬರೂದಿಲ್ಲ, ಬೆಳಗಾವಿಗೆ ಬೆಲ್ಗಾಮ್, ವಿಜಯಪುರಕ್ಕ ಬಿಜಾಪುರ್, ಸಂಸ್ಥಾನ ಸಿಗಲಿಲ್ಲ ಅಂದ್ರ ಸದರ್ನ್ ಮರಾಠಾ ಕಂಟ್ರಿ ಅಂತ ಹಾಕ್ರಿ, ಅದೂ ಹಳೇ ಇಂಗ್ಲಿಷರು ಬರೀತಿದ್ದಂಗ ಮರಾಠಾ ನಡುವ ಒಂದು ಎಚ್ ಜಾಸ್ತಿ ಹಾಕಿ ಒಮ್ಮೆ, ಹಾಕದ ಒಮ್ಮೆ.

ಹೋಗುವಾಗ ಅರ್ಜಿ, ಆಧಾರ್ ಝೆರಾಕ್ಸ್, ಮತ್ತ ಊಟದ ಡಬ್ಬಿ. ಡಬ್ಬಿ ಚೇಷ್ಟೆಗೆ ಹೇಳಿದ್ದಲ್ಲ.

ಆರನೇ ಹೆಜ್ಜಿ: 1948 ನೆನಪಿಡ್ರಿ

1948ರ ಮಾರ್ಚ್ 8ಕ್ಕ ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗ್ಲಿ ಎಲ್ಲಾ ಮುಂಬೈ ಪ್ರಾಂತ್ಯದಾಗ ಕೂಡಿದ್ವು. ಕೊಲ್ಹಾಪುರ ಮಾತ್ರ ಇನ್ನೊಂದು ವರ್ಷ ತಗೊಂಡು 1949ರ ಮಾರ್ಚ್ 1ಕ್ಕ, ಹಿಂಗಾಗಿ ರಾಯಬಾಗದವರ ಲೆಕ್ಕ ಬ್ಯಾರೆ. ಜಮಖಂಡಿ, ಮುಧೋಳ ವಿಜಯಪುರ ಜಿಲ್ಲೆಗೆ ಹೋದ್ವು, 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯ ಆತು, 1997ರಾಗ ಬಾಗಲಕೋಟೆ ಜಿಲ್ಲೆ ಆತು. ಪ್ರತಿ ಸಲ ಗಂಟು ಕಟ್ಟಿ ಲಾರಿ ಹತ್ತಿಸಿದಾಗ ಒಂದಿಷ್ಟು ಕಾಗದ ಹಿಂದ ಉಳದಿರ್ತಾವ, ಹಂಗಾಗಿ ಒಂದು ಕಡೆ ಇಲ್ಲ ಅಂದ್ರ ಅದರ ಹಿಂದಿನ ಕಡೆ ಕೇಳ್ರಿ.

ಕಡೀ ವರ್ಷಗಳ ಕಾಗದ ಅಂತೂ ಬಿಡಬ್ಯಾಡ್ರಿ. ರಾಮದುರ್ಗದಾಗ 1939ರ ಏಪ್ರಿಲ್ 7ಕ್ಕ ಮಂದಿ ಜೇಲಿಗೆ ನುಗ್ಗಿದ್ರು, ಪೋಲೀಸರು ಸತ್ರು, ಅಲ್ಲಿಂದ ಸಣ್ಣ ಸಂಸ್ಥಾನದ ರಾಜರಿಗೆಲ್ಲಾ ನಿದ್ದಿ ಇಲ್ಲ. ಅತ್ತ ಔಂಧದ ರಾಜರು ಅದ ವರ್ಷ ಅಧಿಕಾರನ ಹಳ್ಳಿ ಪಂಚಾಯ್ತಿಗೆ ಬಿಟ್ಟುಕೊಟ್ಟ ಸಂವಿಧಾನ ತಂದ್ರು. ಜಮಖಂಡಿಯೊಳಗ ಸಾವಳಗಿಯ ಒಬ್ಬ ವಕೀಲರು 1940ರಾಗ ಪುರಸಭೆ ಸದಸ್ಯರಾಗಿ, ಆಮ್ಯಾಲೆ ಅಧ್ಯಕ್ಷರಾಗಿ, ಸಂಸ್ಥಾನದ ಮಂತ್ರಿ ಆಗಿ, ಕಡೀಕ ದಿವಾನರಾಗಿ 1948ರಾಗ ಅದ ಸಂಸ್ಥಾನನ ಭಾರತದಾಗ ಕೂಡಿಸಾಕ ರಾಜರ ಜೋಡಿ ನಿಂತ್ರು. ಆಮ್ಯಾಲೆ ಮತ್ತ ವಕೀಲಕಿ ಮಾಡಾಕ ಹೋದ್ರು. ಅವರ ಬಿ.ಡಿ. ಜತ್ತಿ, ಮುಂದ ಮೈಸೂರಿನ ಮುಖ್ಯಮಂತ್ರಿ, ದೇಶದ ಉಪರಾಷ್ಟ್ರಪತಿ. ಒಂದು ಲಕ್ಷ ಚಿಲ್ಲರೆ ಮಂದಿಯ ಸಂಸ್ಥಾನದ ಆಡಳಿತ ಏನ್ ಕಲಸ್ತಿತ್ತು ಅಂತ ಕೇಳೋರಿಗೆ ನಾ ಇದನ್ನ ಹೇಳ್ತೇನಿ.

ಹಾಂ, ನಮ್ಮ ಕಾಗದದ್ದು ಹೇಳೋದು ಉಳೀತು. ಮೋಡಿ ಬಲ್ಲ ಅಜ್ಜಾರೊಬ್ರು ಒಂದು ಸಂಜಿ ಕುಂತು ಓದಿ ಹೇಳಿದ್ರು. ಇನಾಮೂ ಇಲ್ಲ ಏನೂ ಇಲ್ಲ, ನಮ್ಮ ಹಿರ್ಯಾರು ರೊಕ್ಕ ಕೊಟ್ಟು ಖರೀದಿ ಹಿಡದ ಮನಿ, ಸಾಂಗ್ಲಿ ಕಚೇರಿಯೊಳಗ ನೋಂದಣಿ ಮಾಡಿಸ್ಯಾರ ಅಷ್ಟ. ಚತುಃಸೀಮಾ ಬರದು ಕೆಳಗ ಒಂದು ಕರಾರು, ಮೂಡಲ ಕಡೆ ಮನ್ಯಾರು ತಮ್ಮ ಬಚ್ಚಲ ನೀರು ಈ ಕಡೆ ಬಿಡಬಾರ್ದು ಅಂತ. ನಾ ಬಂದು ಅವ್ವಗ ಓದಿ ಹೇಳಿದೆ. ಅಕಿ ಹೆರಳು ಹಾಕ್ಕೊಳ್ಳೋದು ನಿಲ್ಲಸಿ ನನ್ನ ಮುಖ ನೋಡಿ, "ಇನ್ನೂ ಬಿಡ್ತಾರಪ್ಪ" ಅಂದ್ಲು.