ಪಗಾರ ಚೀಟಿ ಓದುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದಲ್ಲಿ ಪಗಾರದ ದಿನ ಸಂಜೆ ಚಹಾದಂಗಡಿಯ ಮುಂದೆ ನಿಂತರೆ ‘ಈ ಸಲ ಎಷ್ಟು ಕಡಿದರು?’ ಎಂಬ ಮಾತು ಕಿವಿಗೆ ಬೀಳುತ್ತದೆ. ಏಕೆ ಕಡಿದರು ಎಂದು ಕೇಳುವವರು ಕಡಿಮೆ. ನಾನೂ ಕೇಳಿದವನಲ್ಲ. ನಾನು ಮೊದಲು ದುಡಿದ ಫೌಂಡ್ರಿಯಲ್ಲಿ (ಲೋಹ ಎರಕದ ಕಾರ್ಖಾನೆ) ರೆವಿನ್ಯೂ ಸ್ಟ್ಯಾಂಪ್ ಅಂಟಿಸಿದ ಖಾಲಿ ವೋಚರಿಗೆ ಸಹಿ ಹಾಕಿಸಿಕೊಂಡು ಲಕೋಟೆ ಕೊಡುತ್ತಿದ್ದರು. ಕೆಲಸ ಬಿಟ್ಟ ಮೇಲೆ ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ದುಡಿಮೆಯ ಹಣದ ಬಾಕಿ ಕೇಳಲು ಹೋದರೆ, ಅದೇ ವೋಚರುಗಳಲ್ಲಿ ‘ಓಟಿ ಸಂದಾಯವಾಗಿದೆ’ ಎಂದು ಬರೆದಿತ್ತು. ಕೆಳಗೆ ನನ್ನದೇ ಸಹಿ.

ಮೊದಲು ಕಾಗದ

ಆದ್ದರಿಂದ ಖಾಲಿ ಕಾಗದಕ್ಕೆ ಸಹಿ ಬೇಡ. ನೇಮಕಾತಿ ಪತ್ರ, ಪ್ರತಿ ತಿಂಗಳ ಪಗಾರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಈ ಮೂರನ್ನೂ ಒಂದೇ ಚೀಲದಲ್ಲಿಡಿ. 2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರವನ್ನೂ ಪಗಾರ ಚೀಟಿಯನ್ನೂ ಕೊಡುವುದು ಈಗ ಮಾಲಕರ ಹೊಣೆ. ಚೀಟಿ ಮೊಬೈಲಿಗೆ ಬಂದರೂ ನಡೆಯುತ್ತದೆ. ಜೊತೆಗೆ ನಿಮ್ಮದೇ ಒಂದು ನೋಟ್‌ಬುಕ್ ಇರಲಿ. ಯಾವ ಪಾಳಿ, ಎಷ್ಟಕ್ಕೆ ಒಳಗೆ ಹೋದಿರಿ, ಎಷ್ಟಕ್ಕೆ ಹೊರಬಂದಿರಿ ಎಂದು ಅಂದಂದೇ ಬರೆಯಿರಿ. ವಾರಕ್ಕೊಮ್ಮೆ ನೆನಪಿನಿಂದ ಬರೆದ ಲೆಕ್ಕ ತಕರಾರಿನ ಹೊತ್ತಿಗೆ ನಿಲ್ಲುವುದಿಲ್ಲ.

ದರ ಸರಿಯಿದೆಯೇ?

ಕನಿಷ್ಠ ವೇತನವನ್ನು ನಿಗದಿಪಡಿಸುವುದು ರಾಜ್ಯ ಸರ್ಕಾರ. ಉದ್ದಿಮೆ ಯಾವುದು, ಊರು ಯಾವ ವಲಯದ್ದು, ಕೆಲಸ ಅಕುಶಲವೋ, ಅರೆಕುಶಲವೋ, ಕುಶಲವೋ ಎಂಬುದರ ಮೇಲೆ ದರ ಬದಲಾಗುತ್ತದೆ. ಮೂಲ ವೇತನಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಂದು ಪರಿಷ್ಕರಣೆಯಾಗುತ್ತದೆ. ಏಪ್ರಿಲ್ ದಾಟಿದರೂ ಚೀಟಿಯಲ್ಲಿ ಹಳೆಯ ಅಂಕಿಯೇ ಕೂತಿದ್ದರೆ ಕಾರ್ಮಿಕ ಇಲಾಖೆಯ ಜಾಲತಾಣದ ದರಪಟ್ಟಿಯೊಂದಿಗೆ ತಾಳೆ ನೋಡಿ. ಹತ್ತು ವರ್ಷ ಮೋಲ್ಡಿಂಗ್, ಅಂದರೆ ಎರಕದ ಅಚ್ಚು ಕಟ್ಟುವ ಕೆಲಸ ಮಾಡಿದವನನ್ನು ಕಾಗದದಲ್ಲಿ ‘ಹೆಲ್ಪರ್’ ಎಂದೇ ಬರೆದಿರುವುದುಂಟು. ಆ ಒಂದು ಶಬ್ದದಿಂದ ತಿಂಗಳು ತಿಂಗಳೂ ಹಣ ಸೋರುತ್ತದೆ.

ಓಟಿ ಲೆಕ್ಕ

ತಿಂಗಳ ಪಗಾರ 15,600 ರೂಪಾಯಿ ಎಂದುಕೊಳ್ಳಿ. ಇದು ಲೆಕ್ಕದ ಅನುಕೂಲಕ್ಕೆ ಹಿಡಿದ ಅಂಕಿ, ಸರ್ಕಾರಿ ದರವಲ್ಲ. ವಾರದ ರಜೆ ಬಿಟ್ಟು ತಿಂಗಳಿಗೆ 26 ದಿನ; ಅದರಿಂದ ಭಾಗಿಸಿದರೆ ದಿನಕ್ಕೆ 600. ಎಂಟರಿಂದ ಭಾಗಿಸಿದರೆ ಗಂಟೆಗೆ 75. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು, ಅಂದರೆ ಗಂಟೆಗೆ 150. ಹನ್ನೆರಡು ಗಂಟೆಯ ಪಾಳಿ ಆರು ದಿನ ಮಾಡಿದರೆ 72 ಗಂಟೆಯಾಯಿತು, ಓಟಿ 24 ಗಂಟೆ, ಬರಬೇಕಾದದ್ದು 3,600 ರೂಪಾಯಿ. ‘ಸಿಂಗಲ್ ಓಟಿ’ ಎಂದು 1,800 ಕೈಗಿಟ್ಟು ಕಳಿಸುವುದು ಇಲ್ಲಿನ ಹಳೆಯ ರೂಢಿ. ಕಾನೂನಿನಲ್ಲಿ ಸಿಂಗಲ್ ಓಟಿ ಎಂಬುದೇ ಇಲ್ಲ.

ನವೆಂಬರ್ 1ರಂದು ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಮೆರವಣಿಗೆ ಸಾಗುತ್ತಿರುವಾಗ ನೀವು ಲೇತ್ ಮುಂದೆ ನಿಂತಿದ್ದಿರಾ? ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಹಾಗೆ ಅದೂ 1963ರ ರಾಜ್ಯ ಕಾಯ್ದೆಯ ಪ್ರಕಾರ ವೇತನಸಹಿತ ರಜೆ. ಆ ದಿನ ದುಡಿಸಿಕೊಂಡರೆ ದುಪ್ಪಟ್ಟು ಕೂಲಿ, ಇಲ್ಲವೇ ಕೂಲಿಯೊಂದಿಗೆ ಬದಲಿ ರಜೆ.

ಕಡಿತ

ಪಿಎಫ್‌ಗೆ (ಭವಿಷ್ಯ ನಿಧಿ) ನಿಮ್ಮಿಂದ ಶೇ 12, ಇಎಸ್‌ಐಗೆ (ಕಾರ್ಮಿಕರ ವಿಮೆ) ಶೇ 0.75. ಮಾಲಕರ ಪಾಲು ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 3.25, ಅದನ್ನು ನಿಮ್ಮ ಪಗಾರದಿಂದ ಕಡಿಯುವಂತಿಲ್ಲ. ಪಿಎಫ್‌ಗೆ ಕಡಿದದ್ದು ಖಾತೆಗೆ ಹೋಗಿದೆಯೇ ಎಂದು ತಿಳಿಯಲು, ಯುಎಎನ್‌ಗೆ (ನಿಮ್ಮ ಪಿಎಫ್ ಸಂಖ್ಯೆ) ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ.

ಉಚಲು, ಅಂದರೆ ಮುಂಗಡ, ಪಡೆದಿದ್ದರೆ ಅದರ ಕಂತು ಕಡಿಯಬಹುದು. ಆದರೆ ಎಲ್ಲ ಕಡಿತ ಸೇರಿ ಪಗಾರದ ಅರ್ಧ ದಾಟಬಾರದು. ಎರಕ ರಿಜೆಕ್ಟ್ ಆಯಿತೆಂದು ಮೋಲ್ಡರನ ಪಗಾರಕ್ಕೆ ಕತ್ತರಿ ಹಾಕುವುದಂತೂ ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ. ಮರಳು ಹಸಿಯಿತ್ತೋ, ಲೋಹ ತಣ್ಣಗಿತ್ತೋ ಯಾರು ನೋಡಿದ್ದಾರೆ? ನಷ್ಟಕ್ಕೆ ನಿಮ್ಮ ನಿರ್ಲಕ್ಷ್ಯವೇ ಕಾರಣವೆಂದು ತೋರಿಸದೆ, ನಿಮ್ಮ ಮಾತು ಕೇಳದೆ ಕಡಿಯಲು ಬರುವುದಿಲ್ಲ.

ಅಂಗಡಿಯವರಿಗೆ

ಖಡೇಬಜಾರಿನ ಸೀರೆ ಅಂಗಡಿಯಲ್ಲಿ ದುಡಿಯುವವರಿಗೆ ಬೇರೆ ಕಾಯ್ದೆಯಿದೆ, 1961ರದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರದಲ್ಲೊಂದು ದಿನ ರಜೆ, 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ. ಆರು ತಿಂಗಳು ಪೂರೈಸಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಬೇಕು. ಒಂದು ತಿಂಗಳ ನೋಟಿಸನ್ನೋ ಅಷ್ಟು ದಿನದ ಸಂಬಳವನ್ನೋ ಕೊಡಬೇಕು.

ಕೆಲಸ ಬಿಡುವಾಗ

ಬಾಕಿ ಪಗಾರ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಐದು ವರ್ಷ ದುಡಿದಿದ್ದರೆ ಗ್ರಾಚುಟಿ, ಅಂದರೆ ಸೇವೆಗೆ ಕೊಡುವ ಇಡುಗಂಟು, ಬರುತ್ತದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಈಗ ಒಂದೇ ವರ್ಷ ಸಾಕು. ಕೊನೆಯ ಪಗಾರವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ. 15,600ಕ್ಕೆ ವರ್ಷಕ್ಕೆ 9,000 ರೂಪಾಯಿಯಂತೆ ಏಳು ವರ್ಷಕ್ಕೆ 63,000. ಇದಕ್ಕೆ 30 ದಿನದ ಗಡುವು. ‘ಎಲ್ಲ ಬಾಕಿ ಚುಕ್ತಾ’ ಎಂಬ ಕಾಗದ ಮುಂದಿಟ್ಟರೆ ಹಣ ಖಾತೆಗೆ ಬಿದ್ದ ಮೇಲೆ ಸಹಿ ಹಾಕಿ.

ಕೊಡದಿದ್ದರೆ

ಮಾಲಕರಿಗೆ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಗುತ್ತಿಗೆದಾರ ಕೈ ಎತ್ತಿದರೂ ಮೂಲ ಮಾಲಕರು ಕೊಡಲೇಬೇಕು, ಆದ್ದರಿಂದ ಪತ್ರ ಇಬ್ಬರಿಗೂ ಹೋಗಲಿ. ಫಲವಿಲ್ಲದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ. ಯಾವ ತಿಂಗಳು, ಎಷ್ಟು ಗಂಟೆ, ಬಂದದ್ದೆಷ್ಟು, ಬರಬೇಕಾದದ್ದೆಷ್ಟು ಎಂದು ಒಂದು ಕೋಷ್ಟಕ ಹಾಕಿದರೆ ಸಾಕು, ನಾಲ್ಕು ಪುಟದ ಗೋಳು ಯಾರೂ ಓದುವುದಿಲ್ಲ. ಬಾಕಿ ಕೇಳಲು ಮೂರು ವರ್ಷದ ಅವಕಾಶವಿದೆ. ವಕೀಲರಿಗೆ ಕೊಡಲು ಹಣವಿಲ್ಲದ ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವುಂಟು; ಸಹಾಯವಾಣಿ 15100. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಮೆಟ್ಟಿಲಿಳಿಯಿರಿ.